ಯಲ್ದಾ: ಸೂರ್ಯನಿಗಾಗಿ ಕಾಯುವ ರಾತ್ರಿ



ಡಿಸೆಂಬರ್ 20 ಅಥವಾ 21ರ ರಾತ್ರಿ ಇರಾನಿನ ಮನೆಗಳಲ್ಲಿ ದೀಪಗಳು ಬೇಗ ಆರುವುದಿಲ್ಲ. ಅದು ವರ್ಷದ ಅತಿ ದೀರ್ಘ ರಾತ್ರಿ; ಟೆಹರಾನಿನಲ್ಲಿ 14 ಗಂಟೆಗೂ ಹೆಚ್ಚು. ಹಿರಿಯರ ಮನೆಯಲ್ಲಿ ಬಂಧುಗಳೆಲ್ಲ ಸೇರಿ ದಾಳಿಂಬೆ, ಕಲ್ಲಂಗಡಿ, ಒಣಹಣ್ಣು ಸವಿಯುತ್ತ ಕತೆ ಹೇಳುತ್ತಾರೆ. ಇದೇ ಯಲ್ದಾ. 'ಚೆಲ್ಲೆ' ಎಂಬುದು ಇದರ ಇನ್ನೊಂದು ಹೆಸರು. ಚೆಲ್ಲೆ ಎಂದರೆ 40 ದಿನಗಳ ಅವಧಿ. ಕೊರೆಯುವ ಚಳಿಗಾಲ ಮರುದಿನದಿಂದ ಆರಂಭ.

ಪ್ರಾಚೀನ ಪಾರಸಿಕರಿಗೆ ಕತ್ತಲೆಂದರೆ ದುಷ್ಟಶಕ್ತಿ ಅಹ್ರಿಮನ್‌ನ ಪಾಳೆಯ. ಅದರ ಬಲ ಉತ್ತುಂಗಕ್ಕೇರಿದ ರಾತ್ರಿ ಒಂಟಿಯಾಗಿರಬಾರದು. ಬೆಳಗಾದರೆ 'ದೇ' ಮಾಸದ ಮೊದಲ ದಿನ; ಆ ಮಾಸಕ್ಕೆ ಸೃಷ್ಟಿಕರ್ತನದೇ ಹೆಸರು. ಕ್ರಿ.ಶ. 1000ದ ಸುಮಾರಿನಲ್ಲಿ ವಿದ್ವಾಂಸ ಅಲ್‌ಬಿರೂನಿ ಆ ದಿನದ ಹಳೆಯ ಪದ್ಧತಿಯೊಂದನ್ನು ದಾಖಲಿಸಿದ್ದಾನೆ. ಅಂದು ದೊರೆ ಸಿಂಹಾಸನದಿಂದಿಳಿದು, ಬಿಳಿಯುಡುಗೆ ತೊಟ್ಟು, ರೈತರೊಡನೆ ಕುಳಿತು ಉಣ್ಣುತ್ತಿದ್ದನಂತೆ. ಲೋಕ ನಿಂತಿರುವುದು ಬೇಸಾಯದ ಮೇಲೆ ಎಂದು ಅವರೆದುರು ಒಪ್ಪಿಕೊಳ್ಳುತ್ತಿದ್ದನಂತೆ.

ಕ್ರಿಸ್ಮಸ್ ಹುಟ್ಟಿದ್ದೇ ಯಲ್ದಾದಿಂದ ಎನ್ನುವವರಿದ್ದಾರೆ. ಅದಕ್ಕೆ ನೇರ ದಾಖಲೆಯಿಲ್ಲ. ಹೆಸರಿನ ಕತೆಯಂತೂ ತಿರುವುಮುರುವು. 'ಯಲ್ದಾ' ಪಾರಸಿ ಪದವಲ್ಲ. 'ಜನನ' ಎಂಬ ಅರ್ಥದ ಸಿರಿಯಾಕ್ ಪದ. ಪಾರಸಿಕರ ನಡುವೆ ಬಾಳಿದ ಸಿರಿಯಾಕ್ ಕ್ರೈಸ್ತರು ಕ್ರಿಸ್ತಜಯಂತಿಗೆ ಬಳಸುತ್ತಿದ್ದ ಪದವದು. ಆಚರಣೆ ಇರಾನಿನದು, ಹೆಸರು ನೆರೆಯವರದು. ನೆರೆಹೊರೆಯವರ ಹಬ್ಬಗಳು ಬೆರೆಯುವುದು ಹೀಗೆ. ಸಾಲ ಕೊಟ್ಟವರಾರು, ಪಡೆದವರಾರು ಎಂಬ ಜಗಳಕ್ಕೆ ಇಲ್ಲಿ ಅರ್ಥವಿಲ್ಲ.

ಇಸ್ಲಾಂ ಬಂದ ಮೇಲೂ ಯಲ್ದಾ ಅಳಿಯಲಿಲ್ಲ. ಕೆಂಡದ ಮೇಲೆ ಗಿಡ್ಡ ಮೇಜಿಟ್ಟು ಕೌದಿ ಹೊದಿಸುವ 'ಕುರ್ಸಿ'ಯ ಸುತ್ತ ಕುಳಿತು, 14ನೆಯ ಶತಮಾನದ ಕವಿ ಹಾಫಿಜ್‌ನ ಕಾವ್ಯ ತೆರೆದು ಶಕುನ ನೋಡುವುದು ವಾಡಿಕೆಯಾಯಿತು. ಈ ಹಾಫಿಜ್‌ಗೆ ಕಲಬುರಗಿಯ ಬಹಮನಿ ಆಸ್ಥಾನದಿಂದ ಕರೆ ಬಂದಿತ್ತೆಂದು ಬಿಜಾಪುರದಲ್ಲಿ ನೆಲೆಸಿದ್ದ ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಹಾರ್ಮುಜ್‌ವರೆಗೆ ಬಂದ ಕವಿ ಕಡಲಿನ ಬಿರುಗಾಳಿಗೆ ಅಂಜಿ ಹಿಂದಿರುಗಿದನಂತೆ. ಕವಿ ಬರಲಿಲ್ಲ, ಆತನ ಕತೆ ಬಂತು.

2022ರಲ್ಲಿ ಯುನೆಸ್ಕೋ, ಇರಾನ್ ಮತ್ತು ಆಫ್ಘಾನಿಸ್ತಾನ ಎರಡೂ ದೇಶಗಳ ಹೆಸರಿನಲ್ಲಿ, ಈ ಆಚರಣೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ರಾಜರು ಹೋದರು, ಧರ್ಮ ಬದಲಾಯಿತು, ಬಹುಪಾಲು ಮನೆಗಳಲ್ಲಿ ಕೆಂಡದ ಕುರ್ಸಿಯೂ ಮರೆಯಾಯಿತು. ಉಳಿದದ್ದು ಇಷ್ಟೇ: ಕತ್ತಲು ಅತಿ ದೀರ್ಘವಾದ ದಿನ ಯಾರನ್ನೂ ಒಂಟಿಯಾಗಿ ಬಿಡಬಾರದು ಎಂಬ ತಿಳಿವಳಿಕೆ. ಮರುದಿನದಿಂದ ಹಗಲು ಬೆಳೆಯತೊಡಗುತ್ತದೆ, ಸ್ವಲ್ಪ ಸ್ವಲ್ಪವಾಗಿ.