ಹಿಂದಿನ ಕೋಣೆಗೂ ವೈ-ಫೈ ತಲುಪಲಿ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಶಿಕ್ಷಣದ ಮಹತ್ವದ ಬಗ್ಗೆ ಈ ವೇದಿಕೆಯಲ್ಲಿ ಪ್ರತಿವರ್ಷ ಒಳ್ಳೆಯ ಮಾತುಗಳನ್ನು ಕೇಳುತ್ತೀರಿ. ಉರ್ದು ಮತ್ತು ಕನ್ನಡ ಕಲಿಸುವ ನಾನು ಇಂದು ಗೋಡೆ, ತಂತಿ ಮತ್ತು ಒಂದು ಸಣ್ಣ ಪೆಟ್ಟಿಗೆಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಅದಕ್ಕೆ ಕಾರಣವಾದ ಘಟನೆಯನ್ನು ಮೊದಲು ಹೇಳಿಬಿಡುತ್ತೇನೆ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು, ಪಾಠಗಳು ಮೊಬೈಲಿಗೆ ಬಂದವು. ನನ್ನ ತರಗತಿಯ ಒಬ್ಬ ಹುಡುಗಿ ಪಾಠದ ನಡುವೆ ಪದೇ ಪದೇ ಕಾಣೆಯಾಗುತ್ತಿದ್ದಳು. ಅಸಡ್ಡೆ ಎಂದುಕೊಂಡು ಒಂದು ದಿನ ಫೋನಿನಲ್ಲಿ ಗದರಿದೆ. ಅವಳು ಹೇಳಿದ್ದು ಇಷ್ಟೇ: “ಟೀಚರ್, ಅಬ್ಬಾನ ನೋಡಲು ಯಾರಾದರೂ ಬಂದರೆ ನಾನು ಒಳಗೆ ಹೋಗಬೇಕು. ಒಳಗೆ ನೆಟ್ ಬರಲ್ಲ.”

ಆ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇತ್ತು, ಫೋನ್ ಇತ್ತು, ಓದುವ ಮನಸ್ಸೂ ಇತ್ತು. ದಿವಾನಖಾನೆಯಲ್ಲಿದ್ದ ವೈ-ಫೈಗೆ ಮೂರು ಗೋಡೆ ದಾಟಿ ಹಿಂದಿನ ಕೋಣೆಗೆ ಹೋಗಲು ಆಗುತ್ತಿರಲಿಲ್ಲ, ಅಷ್ಟೇ. ಅವಳ ಅಣ್ಣ ಫೋನ್ ಹಿಡಿದು ಗೆಳೆಯನ ಮನೆಗೆ ಹೋಗಬಲ್ಲವನಾಗಿದ್ದ. ಅವಳು ಎಲ್ಲಿಗೆ ಹೋಗಬೇಕಿತ್ತು? ಅಂದು ಗದರಿದ್ದಕ್ಕಾಗಿ ನನಗೆ ಇಂದಿಗೂ ನಾಚಿಕೆಯಿದೆ.

ಇಂಟರ್‌ನೆಟ್ಟಿನ ತಂತಿ ಬೀದಿಯಿಂದ ಬರುವುದರಿಂದ ರೂಟರ್ ಸಾಮಾನ್ಯವಾಗಿ ಮುಂಬಾಗಿಲ ಬಳಿಯೇ ಕೂರುತ್ತದೆ. ನಮ್ಮ ಕಲಬುರಗಿ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆ ರೇಡಿಯೊ ತರಂಗಗಳನ್ನು ಬಹಳಷ್ಟು ನುಂಗಿಬಿಡುತ್ತದೆ. 5 ಗಿಗಾಹರ್ಟ್ಸ್ ತರಂಗ ವೇಗದ್ದು, ಆದರೆ ಗೋಡೆಗೆ ಬೇಗ ಸೋಲುತ್ತದೆ. 2.4 ಗಿಗಾಹರ್ಟ್ಸ್ ತರಂಗ ನಿಧಾನವಾದರೂ ಹೆಚ್ಚು ದೂರ ಹೋಗುತ್ತದೆ. ಆದ್ದರಿಂದ ಮೊದಲು ಖರ್ಚಿಲ್ಲದ ಉಪಾಯ ಮಾಡಿ. ರೂಟರನ್ನು ಕಬ್ಬಿಣದ ಅಲ್ಮಾರಿ, ಫ್ರಿಜ್, ದೊಡ್ಡ ಕನ್ನಡಿಗಳ ಮರೆಯಿಂದ ತೆಗೆದು, ಮನೆಯ ನಡುಭಾಗಕ್ಕೆ ಹತ್ತಿರವಾಗಿ ಎತ್ತರದಲ್ಲಿಡಿ. ಅಷ್ಟಕ್ಕೂ ಆಗದಿದ್ದರೆ ಎರಡನೆಯ ಪೆಟ್ಟಿಗೆ ಬೇಕು.

ಅದರಲ್ಲಿ ಎರಡು ಬಗೆ. ದೊಡ್ಡ ಜಮಾಅತಿನಲ್ಲಿ ಇಮಾಮರ ದನಿ ಹಿಂದಿನ ಸಾಲುಗಳಿಗೆ ಕೇಳಿಸದಿದ್ದರೆ ನಡುವೆ ಮುಕಬ್ಬಿರ್ ನಿಂತು ತಕ್ಬೀರನ್ನು ಪುನಃ ಗಟ್ಟಿಯಾಗಿ ಹೇಳುತ್ತಾರಲ್ಲವೇ? ಅಂಗಡಿಯಲ್ಲಿ ಸಿಗುವ ರಿಪೀಟರ್ ಮಾಡುವುದೂ ಇಂಥದೇ ಕೆಲಸ. ಮುಕಬ್ಬಿರ್ ತನಗೇ ಕೇಳಿಸದ ಜಾಗದಲ್ಲಿ ನಿಂತರೆ ಪ್ರಯೋಜನವಿಲ್ಲ. ಹಾಗೆಯೇ ರಿಪೀಟರನ್ನು ಸಿಗ್ನಲ್ ಸತ್ತ ಕೋಣೆಯಲ್ಲಿಡದೆ ಅರ್ಧ ದಾರಿಯಲ್ಲಿಡಬೇಕು. ಒಂದೇ ರೇಡಿಯೊ ಇರುವ ಅಗ್ಗದ ರಿಪೀಟರ್ ಪ್ರತಿ ಮಾತನ್ನೂ ಕೇಳಿ ಮತ್ತೆ ಹೇಳಬೇಕಾದುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಎರಡನೆಯ ಬಗೆ, ಮೈಕಿನಿಂದ ತಂತಿ ಎಳೆದು ಹಿಂದಿನ ಸಾಲಿನಲ್ಲೇ ಸ್ಪೀಕರ್ ಇಟ್ಟಂತೆ. ರೂಟರಿನಿಂದ ಒಂದು ಲ್ಯಾನ್ ಕೇಬಲ್ ಹಿಂದಿನ ಕೋಣೆಗೆ ಎಳೆದು, ಅಲ್ಲಿ ಇನ್ನೊಂದು ಪೆಟ್ಟಿಗೆ ಜೋಡಿಸುವುದು. ಇದಕ್ಕೆ ಆಕ್ಸೆಸ್ ಪಾಯಿಂಟ್ ಎನ್ನುತ್ತಾರೆ. ಈ ಕೇಬಲ್ 100 ಮೀಟರ್ ಉದ್ದದವರೆಗೂ ಕೆಲಸ ಮಾಡುತ್ತದೆ. ಗೋಡೆ ಎಷ್ಟೇ ದಪ್ಪವಿರಲಿ, ಒಂದು ಸಣ್ಣ ತೂತು ಸಾಕು. ಸಾಧ್ಯವಿದ್ದಲ್ಲೆಲ್ಲ ಇದನ್ನೇ ಆರಿಸಿಕೊಳ್ಳಿ.

ಹೊಸ ಪೆಟ್ಟಿಗೆಯೇ ಬೇಕೆಂದಿಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆಯ ವೈ-ಫೈ ರೂಟರ್ ಸಾಕು. ಅದು ಕಂಪನಿಗೆ ಹಿಂತಿರುಗಿಸಬೇಕಾದದ್ದಲ್ಲ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ವಿದ್ಯಾರ್ಥಿಗಳೇ, ಈ ಕ್ರಮವನ್ನು ಗಮನವಿಟ್ಟು ಓದಿ.

ಮೊದಲು ಹಳೆಯ ರೂಟರನ್ನು ರೀಸೆಟ್ ಮಾಡಿ, ಅದೊಂದಕ್ಕೇ ಲ್ಯಾಪ್‌ಟಾಪ್ ಅಥವಾ ಫೋನ್ ಜೋಡಿಸಿ. ಪೆಟ್ಟಿಗೆಯ ಅಡಿಯ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ತೆರೆಯಿರಿ. ‘ಆಕ್ಸೆಸ್ ಪಾಯಿಂಟ್ ಮೋಡ್’ ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿ, ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೆ ಅದರ ವಿಳಾಸ ಬದಲಿಸಿ. ಮುಖ್ಯ ರೂಟರಿನದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಬಹುದು. ಆದರೆ ಮುಖ್ಯ ರೂಟರ್ ಬೇರೆಯವರಿಗೆ ಹಂಚುವ ವಿಳಾಸಗಳ ಪಟ್ಟಿಯಲ್ಲಿ ಅದು ಇರಬಾರದು.

ಬಳಿಕ ವೈ-ಫೈ ಹೆಸರು ಮತ್ತು ಪಾಸ್‌ವರ್ಡನ್ನು ಮುಖ್ಯ ರೂಟರಿನಲ್ಲಿರುವಂತೆಯೇ ಇಡಿ. ಆಗ ಫೋನ್ ತಾನೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಕೆಲವು ಫೋನುಗಳು ದೂರದ್ದನ್ನೇ ಹಿಡಿದು ಕೂರುವುದುಂಟು, ಆಗ ವೈ-ಫೈ ಒಮ್ಮೆ ಆರಿಸಿ ಹಚ್ಚಿದರಾಯಿತು. ಭದ್ರತೆಗೆ ಡಬ್ಲ್ಯುಪಿಎ 2 ಅಥವಾ 3 ಇರಲಿ.

ಕೊನೆಯದಾಗಿ ಡಿಎಚ್‌ಸಿಪಿ ಎಂಬುದನ್ನು ನಿಲ್ಲಿಸಿ. ಮನೆಯ ಪ್ರತಿ ಫೋನಿಗೂ ವಿಳಾಸ ಕೊಡುವ ಕೆಲಸ ಅದರದು. ಒಂದೇ ತರಗತಿಗೆ ಇಬ್ಬರು ಶಿಕ್ಷಕರು ಬೇರೆ ಬೇರೆಯಾಗಿ ಹಾಜರಿ ಸಂಖ್ಯೆ ಹಂಚಿದರೆ ಏನಾದೀತು? ಇಬ್ಬರು ಮಕ್ಕಳಿಗೆ ಒಂದೇ ಸಂಖ್ಯೆ ಬೀಳುತ್ತದೆ. ಆ ಕೆಲಸ ಮುಖ್ಯ ರೂಟರಿಗೆ ಮಾತ್ರ ಇರಲಿ. ಈಗ ಮುಖ್ಯ ರೂಟರಿನ ಲ್ಯಾನ್ ಕಿಂಡಿಯಿಂದ ಹಳೆಯದರ ಲ್ಯಾನ್ ಕಿಂಡಿಗೆ ಕೇಬಲ್ ಹಾಕಿ. ‘ವ್ಯಾನ್’ ಎಂದು ಬರೆದ ಕಿಂಡಿಯನ್ನು ಖಾಲಿ ಬಿಡಿ. ಆಕ್ಸೆಸ್ ಪಾಯಿಂಟ್ ಮೋಡ್ ಆರಿಸಿದ್ದರೆ ಅದರ ಸೂಚನೆಯಂತೆ ನಡೆಯಿರಿ.

ಇನ್ನು ನೆರೆಯವರ ಹಕ್ಕು. ಈ ತರಂಗಗಳಿಗೆ ಪರವಾನಗಿ ಬೇಕಿಲ್ಲ, ಓಣಿಯವರೆಲ್ಲ ಹಂಚಿಕೊಂಡು ಬಳಸುವಂಥವು. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6 ಮತ್ತು 11. ಒಂದು ಪೆಟ್ಟಿಗೆಗೆ 1, ಇನ್ನೊಂದಕ್ಕೆ 6 ಅಥವಾ 11 ಕೊಡಿ. ಪಕ್ಕದ ಮನೆಯಲ್ಲಿ ಯಾವುದಿದೆ ಎಂದೂ ನೋಡಿಕೊಳ್ಳಿ. ನಮ್ಮ ಅನುಕೂಲ ಅವರ ತೊಂದರೆಯಾಗಬಾರದು.

ಎರಡು ಎಚ್ಚರಿಕೆಗಳು. ವಿದ್ಯುತ್ ತಂತಿಯ ಪೈಪಿನಲ್ಲೇ ಲ್ಯಾನ್ ಕೇಬಲ್ ತೂರಿಸಬೇಡಿ. ಅಂಗಳದಾಚೆಯ ಇನ್ನೊಂದು ಕಟ್ಟಡಕ್ಕೆ ಒಯ್ಯುವುದಾದರೆ ಸಿಡಿಲಿನ ಅಪಾಯವಿರುವುದರಿಂದ ತಿಳಿದವರನ್ನು ಕರೆಯಿರಿ. ಹಾಗೆಯೇ ಇನ್ವರ್ಟರ್ ಇದ್ದವರು ಎರಡೂ ಪೆಟ್ಟಿಗೆಗಳನ್ನು ಅದಕ್ಕೆ ಜೋಡಿಸಿ. ಇಲ್ಲವಾದರೆ ಕರೆಂಟ್ ಹೋದಾಗ ಮತ್ತೆ ಹಿಂದಿನ ಕೋಣೆಯೇ ಕತ್ತಲಾಗುತ್ತದೆ.

ಹಿರಿಯರಲ್ಲಿ ಕೆಲವರು, “ಹೆಣ್ಣುಮಕ್ಕಳ ಕೋಣೆಗೆ ಇಂಟರ್‌ನೆಟ್ ಏಕೆ, ಎಲ್ಲರ ಕಣ್ಣೆದುರೇ ಓದಲಿ” ಎನ್ನುತ್ತಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಆತಂಕ ಗಂಡುಮಕ್ಕಳ ಬಗೆಗೂ ಇರಬೇಡವೇ? ಅನೇಕ ರೂಟರುಗಳಲ್ಲಿ ರಾತ್ರಿ ಇಂತಿಷ್ಟು ಗಂಟೆಗೆ ನಿಲ್ಲುವಂತೆ ಸಮಯ ಕಟ್ಟಬಹುದು. ಉಳಿದದ್ದು ತರಬಿಯತ್ತಿನ ಕೆಲಸ, ಅದನ್ನು ಕಲ್ಲಿನ ಗೋಡೆಗೆ ವಹಿಸಬಾರದು. ಅತಿಥಿಗಳು ಬಂದಾಗಲೆಲ್ಲ ಎದ್ದು ಹೋಗಬೇಕಾದ ಮಗುವಿಗೆ ಪಾಠ ತಲೆಗೆ ಹತ್ತುವುದಾದರೂ ಹೇಗೆ?

ಸಂಘಕ್ಕೆ ನನ್ನದೊಂದು ವಿನಂತಿ. ಸದಸ್ಯರ ಮನೆಗಳಲ್ಲಿರುವ ಹಳೆಯ ರೂಟರುಗಳು ಗುಜರಿಗೆ ಹೋಗದೆ ಸಂಘದ ಕಚೇರಿಗೆ ಬರಲಿ. ನಮ್ಮ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಅವುಗಳನ್ನು ಪರೀಕ್ಷಿಸಿ, ಅಗತ್ಯವಿರುವ ಮನೆಗಳಲ್ಲಿ ಜೋಡಿಸಿಕೊಡಲಿ. ಆ ಮನೆಯ ಪಾಸ್‌ವರ್ಡ್ ಅವರ ಬಳಿ ಅಮಾನತ್ ಎಂಬುದನ್ನೂ ಅವರು ಕಲಿಯಲಿ.

ಪ್ರಿಯ ವಿದ್ಯಾರ್ಥಿಗಳೇ, ಇಂದು ಮನೆಗೆ ಹೋದ ಮೇಲೆ ಫೋನ್ ಹಿಡಿದು ಕೋಣೆ ಕೋಣೆಗೂ ನಡೆಯಿರಿ. ಸಿಗ್ನಲ್ ಎಲ್ಲಿ ಸಾಯುತ್ತದೆ ಎಂದು ಗುರುತಿಸಿ. ಅಲ್ಲಿ ಕೂತು ಓದುವವರು ಯಾರು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ತಂಗಿಯೋ ಅಕ್ಕನೋ ಆಗಿದ್ದರೆ, ಮುಂದಿನ ಪರೀಕ್ಷೆಯೊಳಗೆ ಆ ಕೋಣೆಗೆ ಒಂದು ಕೇಬಲ್ ಎಳೆಯಿರಿ.

ಅಲ್ಲಾಹನು ನಮ್ಮ ಮಕ್ಕಳ ಇಲ್ಮಿನಲ್ಲಿ ಬರಕತ್ ನೀಡಲಿ. ಆಮೀನ್. ವಸ್ಸಲಾಮ್.