ಸರ್ಕಾರಿ ವಕೀಲ ಯಾರ ವಕೀಲ?

(ಚಿಂತಾಮಣಿಯಲ್ಲಿ ಕನ್ನಡ ಕಾರ್ಯಕರ್ತರ ಸಭೆಯಲ್ಲಿ ವಕೀಲರೊಬ್ಬರು ಆಡಿದ ಮಾತುಗಳ ಬರಹ ರೂಪ)



ನನಗೆ ಕೊಟ್ಟ ವಿಷಯ ಕೋರ್ಟಿನಲ್ಲಿ ಕನ್ನಡ. ಅದಕ್ಕೆ ಬಂದೇ ಬರುತ್ತೇನೆ, ಆದರೆ ಸ್ವಲ್ಪ ಬಳಸಿಕೊಂಡು ಬರುತ್ತೇನೆ. ಮೊದಲು ನಿಮಗೇ ಒಂದು ಪ್ರಶ್ನೆ. ಈ ಊರಿನ ಶಾಸಕರು ಯಾರು ಎಂದರೆ ಹಿಂದಿನ ಸಾಲಿನ ಹುಡುಗರೂ ಹೇಳುತ್ತೀರಿ. ತಹಸೀಲ್ದಾರ್ ಯಾರು, ಸರ್ಕಲ್ ಇನ್ಸ್‌ಪೆಕ್ಟರ್ ಯಾರು ಎಂಬುದೂ ಗೊತ್ತು. ನಮ್ಮ ಕೋರ್ಟಿನ ಪಬ್ಲಿಕ್ ಪ್ರಾಸಿಕ್ಯೂಟರ್ ಯಾರು? ಗೊತ್ತಿದ್ದವರು ಕೈ ಎತ್ತಿ. ಮೂರು ಕೈ. ಅದರಲ್ಲಿ ಎರಡು ವಕೀಲರ ಗುಮಾಸ್ತರದು. ಸಂತೋಷ.

ನಿಮ್ಮ ಮನೆಗೆ ಬೆಂಕಿ ಬಿದ್ದರೆ, ನಿಮ್ಮ ಅಣ್ಣನನ್ನು ಯಾರಾದರೂ ಕಡಿದು ಹಾಕಿದರೆ, ಕೋರ್ಟಿನಲ್ಲಿ ನಿಮ್ಮ ಪರವಾಗಿ ನಿಲ್ಲುವ ಒಬ್ಬನೇ ಒಬ್ಬ ಮನುಷ್ಯ ಆತ. ಶಾಸಕರು ಅಲ್ಲಿ ಮಾತಾಡುವಂತಿಲ್ಲ. ಇನ್ಸ್‌ಪೆಕ್ಟರು ಅಲ್ಲಿ ಬರೀ ಒಬ್ಬ ಸಾಕ್ಷಿ. ಪೆಟ್ಟು ತಿಂದ ನೀವೂ ಬರೀ ಸಾಕ್ಷಿಯೇ, ಏಕೆಂದರೆ ಕ್ರಿಮಿನಲ್ ಕೇಸಿನಲ್ಲಿ ವಾದಿ ಎಂದರೆ ಸರ್ಕಾರ. ಸೆಷನ್ಸ್ ನ್ಯಾಯಾಲಯದ ವಿಚಾರಣೆಯನ್ನೆಲ್ಲ ಪಬ್ಲಿಕ್ ಪ್ರಾಸಿಕ್ಯೂಟರೇ ನಡೆಸಬೇಕು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 225ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಆ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹೆಸರನ್ನು ಉಸಿರು ಕಟ್ಟಿ ಹೇಳಬೇಕು, ದಿಲ್ಲಿಯವರಿಗೆ ಇಂಗ್ಲಿಷ್ ಕಾನೂನಿಗೂ ಹಿಂದಿ ಹೆಸರೇ ಬೇಕಾಯಿತು. ಅದಿರಲಿ. ಅದರಲ್ಲಿ ಇದೇ ಮಾತು 248ನೆಯ ಕಲಮಿಗೆ ಹೋಗಿ ಕೂತಿದೆ. ನಿಮ್ಮ ಸ್ವಂತ ವಕೀಲರನ್ನು ಇಟ್ಟುಕೊಳ್ಳಬಹುದು, 2008ರ ತಿದ್ದುಪಡಿ ಅದಕ್ಕೆ ದಾರಿ ಬಿಟ್ಟಿದೆ. ಆದರೆ ಅವರು ಪಿ.ಪಿ.ಗೆ ನೆರವಾಗಬಹುದೇ ಹೊರತು ಅವರ ಕುರ್ಚಿಯಲ್ಲಿ ಕೂರುವಂತಿಲ್ಲ.

ಈ ತಾಲ್ಲೂಕಿನಲ್ಲಿ ನಿಂತು ಈ ಮಾತಾಡುವಾಗ ಕಂಬಾಲಪಲ್ಲಿಯ ಹೆಸರೆತ್ತದೆ ಮುಂದೆ ಹೋದರೆ ನಾಲಗೆಗೆ ಮರ್ಯಾದೆ ಇರುವುದಿಲ್ಲ. 2000ನೆಯ ಇಸವಿ, ಮಾರ್ಚ್ 11. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಆ ರಾತ್ರಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಜೀವಂತ ಸುಟ್ಟುಹೋದರು. ಹೆಂಗಸರೂ ಇದ್ದರು. ದೇಶದ ಪತ್ರಿಕೆಗಳೆಲ್ಲ ಬರೆದವು, ಮಂತ್ರಿಗಳ ಕಾರುಗಳು ಸಾಲುಗಟ್ಟಿ ಬಂದವು, ಪರಿಹಾರದ ಮಾತುಗಳಾದವು. ಕೇಸಾಯಿತು, ಊರಿನ ಸವರ್ಣೀಯರ ಮೇಲೆ ದೋಷಾರೋಪಣ ಪಟ್ಟಿ ಹೋಯಿತು. 2006ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಸೆಷನ್ಸ್ ನ್ಯಾಯಾಲಯ ಎಲ್ಲರನ್ನೂ ಖುಲಾಸೆ ಮಾಡಿತು. ಕಣ್ಣಾರೆ ಕಂಡೆವು ಎಂದು ಪೊಲೀಸರ ಮುಂದೆ ಹೇಳಿದ್ದ ಸಾಕ್ಷಿಗಳು ಕಟಕಟೆಯಲ್ಲಿ ತಿರುಗಿ ನಿಂತಿದ್ದರು. ಸರ್ಕಾರ ಮೇಲ್ಮನವಿ ಹಾಕಿತು. 2014ರಲ್ಲಿ ಹೈಕೋರ್ಟು ಖುಲಾಸೆಯನ್ನೇ ಎತ್ತಿಹಿಡಿಯಿತು.

ಏಳು ಹೆಣ ಬಿದ್ದದ್ದು ಸತ್ಯ. ಸುಟ್ಟವರು ಮಾತ್ರ ಕಾನೂನಿನ ಪ್ರಕಾರ ಯಾರೂ ಇಲ್ಲ.

ನಾನು ನ್ಯಾಯಾಧೀಶರನ್ನು ದೂರುತ್ತಿಲ್ಲ. ಅವರ ಮುಂದೆ ಸಾಕ್ಷ್ಯವೇ ಇಲ್ಲದಿದ್ದರೆ ಯಾವ ನ್ಯಾಯಾಧೀಶರೂ ಊಹೆಯ ಮೇಲೆ ಶಿಕ್ಷೆ ಕೊಡಲಾರರು, ಕೊಡಲೂಬಾರದು. ಆ ಕೇಸು ನಡೆಸಿದ ಪಿ.ಪಿ. ಕೈಬಿಟ್ಟರು ಎಂದೂ ಹೇಳುತ್ತಿಲ್ಲ. ನಾನು ಕೇಳುವುದು ಬೇರೆ. 2000ದ ಮಾರ್ಚಿಗೂ 2006ರ ಡಿಸೆಂಬರಿಗೂ ನಡುವೆ ಆರು ವರ್ಷ ಒಂಬತ್ತು ತಿಂಗಳು. ಅಷ್ಟು ದಿನ ಆ ಸಾಕ್ಷಿಗಳು ಯಾರ ನೆರಳಿನಲ್ಲಿ ಬದುಕಿದರು? ಕೂಲಿ ಯಾರ ಹೊಲದಲ್ಲಿ? ಸಾಲ ಯಾರ ಹತ್ತಿರ? ಮಗಳ ಮದುವೆಗೆ, ಬೋರ್‌ವೆಲ್ಲಿನ ನೀರಿಗೆ ಯಾರ ಬಾಗಿಲು?

ಸಾಕ್ಷಿ ತಿರುಗಿಬಿದ್ದ ಎಂದರೆ ದುಡ್ಡು ತಿಂದ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕೆಲವರು ತಿನ್ನುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಹತ್ತರಲ್ಲಿ ಎಂಟು ಜನ ತಿರುಗುವುದು ಹೇಗೆ ಎಂದು ನೋಡಬೇಕಾದರೆ ಯಾವುದಾದರೂ ವಾಯಿದೆ ದಿನ ಕೋರ್ಟಿನ ಜಗುಲಿಯಲ್ಲಿ ಬೆಳಗ್ಗೆ ಹತ್ತೂವರೆಗೆ ನಿಂತುಕೊಳ್ಳಿ. ಸಮನ್ಸ್ ಹಿಡಿದು ಒಬ್ಬ ಹೆಣ್ಣುಮಗಳು ಬಂದಿರುತ್ತಾಳೆ. ಆರೋಪಿಗಳ ಕಡೆಯವರು ಅದೇ ಜಗುಲಿಯಲ್ಲಿ, ಅದೇ ಊರಿನ ಬಸ್ಸಿನಲ್ಲಿ ಇಳಿದು ಬಂದವರು, "ಏನಮ್ಮ, ಚೆನ್ನಾಗಿದ್ದೀಯಾ, ಕಾಫಿ ಕುಡಿದೆಯಾ" ಎಂದು ವಿಚಾರಿಸುತ್ತಾರೆ. ಪಿ.ಪಿ. ಸಾಹೇಬರ ಕೈಯಲ್ಲಿ ಆ ದಿನದ ಫೈಲುಗಳ ಕಟ್ಟು. ಒಳಗೆ ಹೆಸರು ಕೂಗುವುದಕ್ಕೆ ಹತ್ತು ನಿಮಿಷ ಮುಂಚೆ ಆಕೆಯ ಮುಖವನ್ನು ಅವರು ಮೊದಲ ಸಲ ನೋಡುತ್ತಾರೆ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಯಲ್ಲಿ ಆಕೆಯ ಸಹಿ ಇರುವುದಿಲ್ಲ, ಕಾನೂನೇ ಹಾಗಿದೆ. ಅದನ್ನು ಓದಿ ಹೇಳಿದವರಿಲ್ಲ. ಆರು ವರ್ಷದ ಹಿಂದೆ ತಾನು ಹೇಳಿದ್ದು ಎಂದು ಕಾಗದದಲ್ಲಿ ಏನಿದೆ ಎಂಬುದೇ ಆಕೆಗೆ ಗೊತ್ತಿಲ್ಲ.

ಇಲ್ಲಿಗೆ ಭಾಷೆಯ ವಿಷಯ ಬಂತು. ಆ ಕಾಗದದ ಕನ್ನಡ ಯಾವ ಕನ್ನಡ? "ಸದರಿ ಆಸಾಮಿಯು ಏಕಾಏಕಿ ಜಗಳ ತೆಗೆದು ಅವಾಚ್ಯ ಶಬ್ದಗಳಿಂದ ನಿಂದಿಸಿ, ಕೈಗಳಿಂದ ಹೊಡೆದು, ಪ್ರಾಣ ಬೆದರಿಕೆ ಹಾಕಿರುತ್ತಾನೆ." ಕರ್ನಾಟಕದ ಯಾವ ಹಳ್ಳಿಯಲ್ಲಿ ಯಾವ ತಾಯಿ ಹೀಗೆ ಮಾತಾಡಿದ್ದಾಳೆ? ಅದರ ಮೇಲೆ ನಮ್ಮದು ಗಡಿ ತಾಲ್ಲೂಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಮತ್ತು ಕಚೇರಿಯಲ್ಲಿ ಕನ್ನಡ. ಕೈವಾರದ ತಾತಯ್ಯನವರೇ ಎರಡೂ ಭಾಷೆಯಲ್ಲಿ ಹಾಡಿದರು, ಅದರಲ್ಲಿ ನಮಗೆ ನಾಚಿಕೆಯೇನಿಲ್ಲ. ಆಕೆ ತೆಲುಗಿನಲ್ಲಿ ಅತ್ತು ಹೇಳಿದ್ದನ್ನು ಬರಹಗಾರ ಪೇದೆ ಸದರಿ ಕನ್ನಡದಲ್ಲಿ ಬರೆದ. ಮುಂದೆ ಪಾಟೀ ಸವಾಲಿನಲ್ಲಿ ಎದುರು ವಕೀಲರು ಕೇಳುತ್ತಾರೆ: "ಆರೋಪಿ ಅವಾಚ್ಯ ಶಬ್ದಗಳಿಂದ ನಿಂದಿಸಿದ ಎಂದು ಪೊಲೀಸರಿಗೆ ಹೇಳಿದ್ದಿರೋ ಇಲ್ಲವೋ?" ಆಕೆಗೆ ಪ್ರಶ್ನೆಯೇ ತಿಳಿಯುವುದಿಲ್ಲ. "ಇಲ್ಲ ಸ್ವಾಮಿ" ಎನ್ನುತ್ತಾಳೆ. ಮುಗಿಯಿತು. ಪೊಲೀಸರ ಮುಂದಿನ ಹೇಳಿಕೆಗೂ ಕಟಕಟೆಯ ಹೇಳಿಕೆಗೂ ತಾಳೆಯಿಲ್ಲ ಎಂದು ದಾಖಲಾಗುತ್ತದೆ.

ಆಗ ಎದ್ದು ನಿಲ್ಲಬೇಕಾದವರು ಯಾರು? ಪಿ.ಪಿ. ಪ್ರಶ್ನೆ ಆಕೆಗೆ ಅರ್ಥವಾಗಿಲ್ಲ, ಆಕೆಯ ಮಾತಿನಲ್ಲಿ ಕೇಳಿ ಎನ್ನಬೇಕು. ಮರುವಿಚಾರಣೆಯಲ್ಲಿ ಅದನ್ನು ಬಿಡಿಸಿ ಹೇಳಿಸಬೇಕು. ಇದು ದಯೆಯ ಮಾತಲ್ಲ, ಕಾನೂನಿನ ಮಾತು. ಜಿಲ್ಲೆ, ತಾಲ್ಲೂಕಿನ ನ್ಯಾಯಾಲಯಗಳ ಭಾಷೆ ಯಾವುದು ಎಂದು ಗೊತ್ತುಮಾಡುವ ಅಧಿಕಾರ ರಾಜ್ಯ ಸರ್ಕಾರದ್ದು, ನಮ್ಮಲ್ಲಿ ಅದು ಕನ್ನಡ. ಸಾಕ್ಷಿ ಬೇರೆ ಭಾಷೆಯಲ್ಲಿ ಹೇಳಿದರೆ ಸಾಧ್ಯವಾದಲ್ಲಿ ಆ ಭಾಷೆಯಲ್ಲೇ ಬರೆದುಕೊಳ್ಳಬೇಕು, ಆಗದಿದ್ದರೆ ವಿಚಾರಣೆ ನಡೆಯುತ್ತಿದ್ದಂತೆಯೇ ನ್ಯಾಯಾಲಯದ ಭಾಷೆಗೆ ಸರಿಯಾದ ಅನುವಾದ ಆಗಬೇಕು. ಹೊಸ ಸಂಹಿತೆಯ 312ನೆಯ ಕಲಮು. ಬರೆದದ್ದನ್ನು ಸಾಕ್ಷಿಗೆ ಓದಿ ಹೇಳಬೇಕು, ತಪ್ಪಿದ್ದರೆ ತಿದ್ದಬೇಕು, ಆಕೆಗೆ ತಿಳಿಯದ ಭಾಷೆಯಲ್ಲಿದ್ದರೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. 313ನೆಯ ಕಲಮು. ಓದಿ ಹೇಳದೆ "ಇಲ್ಲಿ ಸಹಿ ಹಾಕಮ್ಮ" ಎಂದರೆ ಅದನ್ನು ತಡೆಯಬೇಕಾದ ಮೊದಲ ಬಾಯಿ ಪಿ.ಪಿ.ಯದು. ನಾಮಫಲಕದ ಕನ್ನಡಕ್ಕೆ ನಾವು ಬೀದಿಗಿಳಿಯುತ್ತೇವೆ, ಸರಿಯೇ. ಕಟಕಟೆಯಲ್ಲಿ ನಿಂತ ಹೆಂಗಸಿಗೆ ತನ್ನ ಹೇಳಿಕೆ ತನಗೆ ತಿಳಿಯುವ ಮಾತಿನಲ್ಲಿ ಕೇಳಿಸಲಿ ಎಂದು ಇದುವರೆಗೆ ಎಷ್ಟು ಜನ ಇಳಿದಿದ್ದೇವೆ?

ಸಾಕ್ಷಿ ತಿರುಗಿದ ಮೇಲೂ ಪಿ.ಪಿ. ಕೈಕಟ್ಟಿ ಕೂರಬೇಕಾಗಿಲ್ಲ. ನ್ಯಾಯಾಲಯದ ಅನುಮತಿ ಪಡೆದು ತನ್ನದೇ ಸಾಕ್ಷಿಗೆ ಪಾಟೀ ಸವಾಲು ಹಾಕಬಹುದು. ತಿರುಗಿದ ಸಾಕ್ಷಿಯ ಹೇಳಿಕೆಯಲ್ಲೂ ನಂಬತಕ್ಕ ಭಾಗವಿದ್ದರೆ ಅದನ್ನು ಉಳಿಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು ಎಷ್ಟೋ ಸಲ ಹೇಳಿದೆ. ಆದರೆ ಆ ಪಾಟೀ ಸವಾಲು ಹೇಗಿರುತ್ತದೆ ನೋಡಿ. "ನೀವು ಆರೋಪಿಗಳೊಂದಿಗೆ ರಾಜಿಯಾಗಿ ಸುಳ್ಳು ಹೇಳುತ್ತಿದ್ದೀರಿ ಎಂದರೆ?" "ಸರಿಯಲ್ಲ." ಎರಡು ಸಾಲು. ಎರಡು ಸಾಲಿನಲ್ಲಿ ಒಂದು ಜೀವದ ಲೆಕ್ಕ ಚುಕ್ತಾ.

ಗುಜರಾತಿನ ಬೆಸ್ಟ್ ಬೇಕರಿಯ ಕಥೆ ನಿಮಗೆ ನೆನಪಿರಬಹುದು. 2002ರ ಮಾರ್ಚ್ 1ರಂದು ವಡೋದರಾದಲ್ಲಿ 14 ಜನ ಸತ್ತರು. ಸಾಕ್ಷಿಗಳು ತಿರುಗಿದರು, 2003ರಲ್ಲಿ 21 ಆರೋಪಿಗಳೂ ಬಿಡುಗಡೆಯಾದರು. 2004ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಆ ಕೇಸಿನ ಪಿ.ಪಿ. ಆರೋಪಿಗಳ ವಕೀಲರಂತೆ ನಡೆದುಕೊಂಡರು ಎಂದು ಛೀಮಾರಿ ಹಾಕಿ, ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶ ಕೊಟ್ಟಿತು. 2006ರ ಫೆಬ್ರವರಿಯಲ್ಲಿ ಮುಂಬೈ ನ್ಯಾಯಾಲಯ 9 ಜನಕ್ಕೆ ಜೀವಾವಧಿ ವಿಧಿಸಿತು, ಅದರಲ್ಲಿ ನಾಲ್ವರ ಶಿಕ್ಷೆ 2012ರಲ್ಲಿ ಹೈಕೋರ್ಟಿನಲ್ಲೂ ಉಳಿಯಿತು. ಅಲ್ಲಿ ಶಿಕ್ಷೆಯಾದ ಅದೇ 2006ರ ಕೊನೆಯಲ್ಲೇ ಇಲ್ಲಿ ಕಂಬಾಲಪಲ್ಲಿಯ ಖುಲಾಸೆ. ಅಲ್ಲಿ ದೇಶವೇ ಬೆನ್ನುಬಿಡದೆ ಕೂತಿತ್ತು. ಇಲ್ಲಿ ನಾವು ಒಂದು ವರ್ಷ ಕೂಗಿದೆವು, ಎರಡನೆಯ ವರ್ಷ ಮೆರವಣಿಗೆ ಮಾಡಿದೆವು, ವಿಚಾರಣೆ ನಡೆಯುವಾಗ ಕೋರ್ಟಿನ ಹಿಂದಿನ ಬೆಂಚು ಖಾಲಿ.

ಹಾಗೆಂದು ಪಿ.ಪಿ. ಎಂದರೆ ಹೇಗಾದರೂ ಮಾಡಿ ಜೈಲಿಗೆ ಕಳಿಸುವವನು ಎಂದು ತಿಳಿಯಬೇಡಿ. ಆರೋಪಿಗೆ ಅನುಕೂಲವಾದ ಸಂಗತಿ ಕೈಗೆ ಸಿಕ್ಕರೂ ಆತ ಮುಚ್ಚಿಡುವಂತಿಲ್ಲ. ಆತ ಪೊಲೀಸರ ವಕೀಲನಲ್ಲ, ಮಂತ್ರಿಯ ವಕೀಲನೂ ಅಲ್ಲ. ಜನ ಒಕ್ಕೊರಲಿನಿಂದ ಕೇಳಿದರೂ ಆತ ತನ್ನ ಬುದ್ಧಿಯನ್ನು ಒತ್ತೆಯಿಡುವಂತಿಲ್ಲ. ಇದನ್ನು ಸುಪ್ರೀಂ ಕೋರ್ಟು ಕಲಿಸಿದ್ದು ನಮ್ಮದೇ ಕೇಸಿನಲ್ಲಿ, ಅದೂ ನಮ್ಮೆಲ್ಲರ ಅಣ್ಣಾವ್ರ ಕೇಸಿನಲ್ಲಿ.

2000ದ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ರಾಜಕುಮಾರರನ್ನು ಹೊತ್ತೊಯ್ದ. ನಾಡು ಹೊತ್ತಿ ಉರಿಯಿತು. ವೀರಪ್ಪನ್ ಸಹಚರರೆಂದು ಮೈಸೂರಿನಲ್ಲಿ ಟಾಡಾ ಕೇಸಿನಲ್ಲಿ ಒಳಗಿದ್ದವರನ್ನು ಬಿಡಬೇಕು ಎಂಬುದು ಅವನ ಬೇಡಿಕೆಗಳಲ್ಲೊಂದು. ಸರ್ಕಾರ ಒಪ್ಪಿತು. ವಿಶೇಷ ಪಿ.ಪಿ. ಟಾಡಾ ಆರೋಪ ಹಿಂತೆಗೆಯಲು ಅರ್ಜಿ ಹಾಕಿದರು, ಮೈಸೂರಿನ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಆಗ ಇಡೀ ಕರ್ನಾಟಕದಲ್ಲಿ ಬೇಡ ಎಂದದ್ದು ಒಬ್ಬ ಮುದುಕ. ಅಬ್ದುಲ್ ಕರೀಂ. 1992ರಲ್ಲಿ ವೀರಪ್ಪನ್ ತಂಡಕ್ಕೆ ಬಲಿಯಾದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ. ಅವರು ಸುಪ್ರೀಂ ಕೋರ್ಟಿಗೆ ಹೋದರು. ಆ ದಿನಗಳಲ್ಲಿ ಹಾಗೆ ಹೋಗುವುದಕ್ಕೆ ಎಂಥ ಗುಂಡಿಗೆ ಬೇಕಿತ್ತು ಎಂದು ಆ ದಿನಗಳನ್ನು ಕಂಡವರಿಗೆ ಗೊತ್ತು. 2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟು ಆ ಹಿಂತೆಗೆತವನ್ನು ರದ್ದು ಮಾಡಿತು. ಸರ್ಕಾರ ಹೇಳಿತೆಂದು ಪಿ.ಪಿ. ರುಜು ಹಾಕುವಂತಿಲ್ಲ, ಹಿಂತೆಗೆಯುವುದರಿಂದ ಸಾರ್ವಜನಿಕ ಹಿತಕ್ಕೆ ಒಳಿತೋ ಕೆಡುಕೋ ಎಂದು ತಾನೇ ಎಲ್ಲ ಕಾಗದ ನೋಡಿ ತೀರ್ಮಾನಿಸಬೇಕು ಎಂದಿತು. ನವೆಂಬರ್ 15ರಂದು, 108 ದಿನಗಳ ಮೇಲೆ, ರಾಜಕುಮಾರರು ಕಾಡಿನಿಂದ ಹೊರಬಂದರು. ನನಗೂ ಅವರು ದೇವರೇ. ಆದರೂ ಅಬ್ದುಲ್ ಕರೀಂ ಕೇಳಿದ್ದು ನ್ಯಾಯವಾಗಿತ್ತು. ಹೊಸ ಸಂಹಿತೆಯ 360ನೆಯ ಕಲಮಿನಲ್ಲಿ ಈಗ ಒಂದು ಮಾತು ಸೇರಿದೆ, ಬಲಿಯಾದವರ ಕಡೆಯವರ ಮಾತು ಕೇಳದೆ ಯಾವ ಕೇಸನ್ನೂ ಹಿಂತೆಗೆಯಲು ನ್ಯಾಯಾಲಯ ಒಪ್ಪುವಂತಿಲ್ಲ ಎಂದು. ಅದನ್ನು ಓದಿದಾಗ ನನಗೆ ಆ ಮುದುಕರೇ ನೆನಪಾದರು.

ಈ ಮಾತು ನಿಮಗೂ ತಗಲುತ್ತದೆ. ಪ್ರತಿ ಹೊಸ ಸರ್ಕಾರ ಬಂದಾಗ "ಕನ್ನಡ ಹೋರಾಟಗಾರರ ಮೇಲಿನ ಕೇಸು ವಾಪಸ್ ತೆಗೆಯಿರಿ" ಎಂದು ನಾವು ಮನವಿ ಕೊಡುತ್ತೇವೆ. ಸುಳ್ಳು ಕೇಸುಗಳಿವೆ, ಬಾವುಟ ಹಿಡಿದದ್ದಕ್ಕೆ ಹಾಕಿದ ಕೇಸುಗಳಿವೆ, ತೆಗೆಯಲೇಬೇಕು. ಆದರೆ ಸಚಿವ ಸಂಪುಟ ತೆಗೆಯಲಾರದು, ಅರ್ಜಿ ಪಿ.ಪಿ.ಯದೇ ಆಗಬೇಕು. ಸರ್ಕಾರ ಒಟ್ಟಿಗೆ 43 ಕೇಸು ಹಿಂತೆಗೆಯಲು 2024ರಲ್ಲಿ ಹೊರಡಿಸಿದ್ದ ಆದೇಶವನ್ನು 2025ರ ಮೇ ತಿಂಗಳಲ್ಲಿ ನಮ್ಮ ಹೈಕೋರ್ಟೇ ರದ್ದು ಮಾಡಿತು. ಹುಬ್ಬಳ್ಳಿಯ ಗಲಭೆಯ ಕೇಸೂ ಅದರಲ್ಲಿತ್ತು. ರಾಜಕಾರಣಿಯ ಬೆನ್ನಿಗೆ ಅಂಟಿಕೊಂಡು ಹೋದರೆ ನಿಮ್ಮ ನಿಜವಾದ ಕೇಸೂ ಅವರ ಕೇಸಿನ ಜೊತೆ ಮುಳುಗುತ್ತದೆ. ನಿಮ್ಮ ಕೇಸನ್ನು ಬೇರೆಯಾಗಿ, ಕಾರಣ ಬರೆದು, ಪಿ.ಪಿ. ಮುಂದಿಡಿ.

ಇನ್ನು ನೇಮಕದ ಮಾತು. ಸಹಾಯಕ ಪಿ.ಪಿ.ಗಳು ಪರೀಕ್ಷೆ ಬರೆದು ಬರುತ್ತಾರೆ, ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಕೆಲಸ ಮಾಡುತ್ತಾರೆ. ಜಿಲ್ಲಾ ಮಟ್ಟದಲ್ಲಿ ಕಾನೂನಿನ ಮಾತು ಬಹಳ ಚೆನ್ನಾಗಿದೆ: ಏಳು ವರ್ಷ ವಕೀಲಿ ಮಾಡಿರಬೇಕು, ಜಿಲ್ಲಾಧಿಕಾರಿ ಸೆಷನ್ಸ್ ನ್ಯಾಯಾಧೀಶರೊಂದಿಗೆ ಆಲೋಚಿಸಿ ಪಟ್ಟಿ ಮಾಡಬೇಕು. ಆದರೆ ವಿಧಾನಸೌಧದಲ್ಲಿ ಬಾವುಟದ ಬಣ್ಣ ಬದಲಾದಾಗ ಜಿಲ್ಲೆಯ ಕೋರ್ಟಿನ ಕುರ್ಚಿಗಳೂ ಅಲುಗುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಶಿಫಾರಸು ಪತ್ರಕ್ಕಿರುವ ತೂಕ ಅನುಭವಕ್ಕಿಲ್ಲ.

ಕೊನೆಗೆ ಕೈಯಲ್ಲಿ ಆಗುವ ಕೆಲಸ ಹೇಳಿಬಿಡುತ್ತೇನೆ, ಬರೆದುಕೊಳ್ಳಿ. ದಲಿತರ ಮೇಲಿನ ದೌರ್ಜನ್ಯದ ಕೇಸುಗಳಿಗೆ ವಿಶೇಷ ಪಿ.ಪಿ. ಇರುತ್ತಾರೆ. ಬಲಿಯಾದವರು ಬಯಸಿದರೆ ಜಿಲ್ಲಾಧಿಕಾರಿ ಹಿರಿಯ ವಕೀಲರನ್ನು ನೇಮಿಸಬಹುದು, 1995ರ ನಿಯಮಗಳ 4ನೆಯ ನಿಯಮ. ಕಂಬಾಲಪಲ್ಲಿ ಉರಿದಾಗಲೂ ಅದು ಪುಸ್ತಕದಲ್ಲಿತ್ತು. ಅದೇ ನಿಯಮದ ಪ್ರಕಾರ ಪ್ರತಿ ಜನವರಿ, ಪ್ರತಿ ಜುಲೈನಲ್ಲಿ ವಿಶೇಷ ಪಿ.ಪಿ.ಗಳ ಕೆಲಸದ ಪರಿಶೀಲನೆಯಾಗಿ ಸರ್ಕಾರಕ್ಕೆ ವರದಿ ಹೋಗಬೇಕು. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ವರದಿ ಕೇಳಿ, ಕನ್ನಡದಲ್ಲೇ ಕೇಳಿ. 2016ರಿಂದ ಜಾರಿಯಲ್ಲಿರುವ 15-ಎ ಕಲಮಿನ ಪ್ರಕಾರ ಸಾಕ್ಷಿಗೆ ಪ್ರಯಾಣದ ಖರ್ಚು, ರಕ್ಷಣೆ, ಬಲಿಯಾದವರ ಕಡೆಯವರಿಗೆ ಪ್ರತಿ ವಾಯಿದೆಯ ಸೂಚನೆ ಸಿಗಬೇಕು. ಉಳಿದ ಕೇಸುಗಳಿಗೂ 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಯನ್ನು ಜಾರಿ ಮಾಡಿದೆ. ಅರ್ಜಿ ಕೊಡಬೇಕು, ಕೇಳದೆ ಯಾರೂ ಮನೆ ಬಾಗಿಲಿಗೆ ತಂದುಕೊಡುವುದಿಲ್ಲ.

ಅಧ್ಯಕ್ಷರು ಎರಡನೆಯ ಚೀಟಿ ಕಳಿಸಿದ್ದಾರೆ. ಆ ಮೂರು ಕೈ ಎತ್ತಿದವರಲ್ಲಿ ಗುಮಾಸ್ತರಲ್ಲದ ಒಬ್ಬರು ಇದ್ದಿರಲ್ಲ, ಊಟಕ್ಕೆ ಮುಂಚೆ ನನಗೆ ಸಿಗಿ. ಮುಂದಿನ ವಾರದ ಸೆಷನ್ಸ್ ಕೇಸುಗಳ ಪಟ್ಟಿ ನನ್ನ ಚೀಲದಲ್ಲಿದೆ. ಹಿಂದಿನ ಬೆಂಚಿನಲ್ಲಿ ಕೂರುವುದಕ್ಕೆ ದಿನಕ್ಕೆ ಇಬ್ಬರಂತೆ ಹೆಸರು ಬರೆದುಕೊಳ್ಳೋಣ.