ಆರಾಮ ಇಲ್ಲ: ಲಾವೋ ಭಾಷೆಯಲ್ಲಿ ಹೇಳುವುದು ಹೇಗೆ?



ಹೊಸ ಭಾಷೆ ಕಲಿಸುವ ಪುಸ್ತಕಗಳು ಸಾಮಾನ್ಯವಾಗಿ ‘ನಿಮ್ಮ ಹೆಸರೇನು?’ ಎಂಬಲ್ಲಿಂದ ಆರಂಭವಾಗುತ್ತವೆ. ಹೆಸರು ಹೇಳಲು ಬಾರದಿದ್ದರೆ ದೊಡ್ಡ ನಷ್ಟವೇನಿಲ್ಲ, ಪಾಸ್‌ಪೋರ್ಟ್ ತೋರಿಸಿದರಾಯಿತು. ಆದರೆ ಪರಸ್ಥಳದಲ್ಲಿ ಜ್ವರ ಬಂದಾಗ ಎಲ್ಲಿ ನೋವು, ಎಷ್ಟು ದಿನದಿಂದ ಎಂಬುದನ್ನು ಯಾವ ಕಾಗದವೂ ಹೇಳಲಾರದು. ಆದ್ದರಿಂದ ಇಂದು ಆ ತುದಿಯಿಂದಲೇ ಆರಂಭಿಸೋಣ. ಭಾಷೆ ಲಾವೋ. ಥಾಯ್ಲೆಂಡ್ ಮತ್ತು ವಿಯೆಟ್ನಾಂಗಳ ನಡುವೆ ಇರುವ ಲಾವೋಸ್ ದೇಶದ ಅಧಿಕೃತ ಭಾಷೆ ಇದು.

ಅಲ್ಲಿ ಇಬ್ಬರು ಎದುರಾದರೆ ‘ಸಬಾಯ್ ದೀ’ ಎನ್ನುತ್ತಾರೆ. ‘ಸಬಾಯ್’ ಎಂದರೆ ಆರಾಮ, ‘ದೀ’ ಎಂದರೆ ಒಳ್ಳೆಯದು. ‘ಖೊಯ್’ ಎಂದರೆ ನಾನು, ‘ಬೊ’ ಎಂದರೆ ಅಲ್ಲ ಅಥವಾ ಇಲ್ಲ. ಈಗ ಕೂಡಿಸಿ: ‘ಖೊಯ್ ಬೊ ಸಬಾಯ್’, ಅಂದರೆ ನನಗೆ ಆರಾಮ ಇಲ್ಲ. ಇದನ್ನೇ ಮೈಸೂರಿನ ಕಡೆ ‘ಹುಷಾರಿಲ್ಲ’ ಎನ್ನುತ್ತೇವೆ, ಮಂಗಳೂರಿನ ಕಡೆ ‘ಸೌಖ್ಯ ಇಲ್ಲ’ ಎನ್ನುತ್ತಾರೆ. ಧಾರವಾಡದ ‘ಆರಾಮ ಇಲ್ರೀ’ ಮಾತ್ರ ಲಾವೋ ಮಾತಿಗೆ ತೀರ ಹತ್ತಿರ.

ಮುಂದಿನ ಪದ ‘ಚೆಪ್’, ಎಂದರೆ ನೋವು. ಅದರ ನಂತರ ಅಂಗದ ಹೆಸರನ್ನು ಇಟ್ಟರೆ ಸಾಕು. ‘ಚೆಪ್ ಹುಅ’ ತಲೆನೋವು, ‘ಚೆಪ್ ಥೊಙ್’ ಹೊಟ್ಟೆನೋವು, ‘ಚೆಪ್ ಖೊ’ ಗಂಟಲು ನೋವು. ವಿಭಕ್ತಿ ಪ್ರತ್ಯಯಗಳಿಲ್ಲ, ಕ್ರಿಯಾಪದಕ್ಕೆ ಲಿಂಗವಚನಗಳಿಲ್ಲ. ಎಷ್ಟು ಸುಲಭ ಎನಿಸುತ್ತದೆ ಅಲ್ಲವೇ? ಕಷ್ಟ ಇರುವುದು ಬೇರೆ ಕಡೆ.

‘ನನಗೆ ಜ್ವರ’ ಎನ್ನಲು ‘ಖೊಯ್ ಪೆನ್ ಖೈ’ ಎನ್ನಬೇಕು. ಇಲ್ಲಿ ‘ಖೈ’ ಎಂಬುದನ್ನು ತಗ್ಗಿದ ದನಿಯಲ್ಲಿ ಆರಂಭಿಸಿ ಇನ್ನೂ ಕೆಳಗೆ ಇಳಿಸಬೇಕು. ಇಳಿಸದೆ ಸಮನಾಗಿ ನುಡಿದರೆ ‘ಖೈ’ ಎಂದರೆ ಮೊಟ್ಟೆ! ರಾಜಧಾನಿ ವಿಯೆಂಟಿಯಾನ್‌ನ ಮಾತಿನಲ್ಲಿ ಇಂಥ ಸ್ವರಭೇದಗಳನ್ನು 5 ಅಥವಾ 6 ಎಂದು ಎಣಿಸುತ್ತಾರೆ. ಧ್ವನಿತಂತುಗಳು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತವೆ ಎಂಬುದರ ಮೇಲೆ ದನಿಯ ಏರಿಳಿತ ನಿಂತಿದೆ. ಕನ್ನಡದಲ್ಲೂ ಏರಿಳಿತವಿದೆ. ಆದರೆ ಅದರಿಂದ ನಾವು ಪ್ರಶ್ನೆ, ಆಶ್ಚರ್ಯ, ಸಂಕಟಗಳನ್ನು ತಿಳಿಸುತ್ತೇವೆಯೇ ಹೊರತು ಪದದ ಅರ್ಥವನ್ನು ಬದಲಿಸುವುದಿಲ್ಲ. ನೋವಿನಲ್ಲಿರುವಾಗ ನಾವು ಮಾತಿನ ಕೊನೆಯನ್ನು ಎಳೆದು ಏರಿಸುತ್ತೇವೆ. ಲಾವೋದಲ್ಲಿ ಹಾಗೆ ಮಾಡಿದರೆ ಪದವೇ ಬೇರೆಯಾಗಬಹುದು. ತೀವ್ರತೆಯನ್ನು ತಿಳಿಸಲು ಅಲ್ಲಿ ಪದವನ್ನೇ ಬಳಸಬೇಕು: ‘ಚೆಪ್ ಲಾಯ್’, ತುಂಬಾ ನೋವು.

ನಮ್ಮ ಇನ್ನೊಂದು ಅಭ್ಯಾಸವೂ ಇಲ್ಲಿ ಅಡ್ಡ ಬರುತ್ತದೆ. ಬಸ್ ನಮ್ಮ ಬಾಯಲ್ಲಿ ಬಸ್ಸು, ಪೆನ್ ನಮ್ಮ ಬಾಯಲ್ಲಿ ಪೆನ್ನು. ‘ಚೆಪ್’ ಎಂಬುದನ್ನು ‘ಚೆಪ್ಪು’ ಮಾಡಬೇಡಿ. ತುಟಿ ಮುಚ್ಚಿ ಅಲ್ಲೇ ನಿಲ್ಲಿಸಿ.

ಕನ್ನಡಿಗರಿಗೆ ಕೆಲವು ಅನುಕೂಲಗಳೂ ಉಂಟು. ಲಾವೋ ಲಿಪಿ ಮತ್ತು ನಮ್ಮ ಲಿಪಿ ಎರಡರ ಮೂಲವೂ ಬ್ರಾಹ್ಮಿ. ಕ ಮತ್ತು ಖ, ತ ಮತ್ತು ಥ ಇವುಗಳ ಭೇದ ನಮಗೆ ಹೊಸದಲ್ಲ. ಕಾಯಿಲೆಗೆ ಅವರು ಹೇಳುವ ‘ಫಞಾತ್’ ನಮ್ಮ ‘ವ್ಯಾಧಿ’ಯೇ, ಸಂಸ್ಕೃತದಿಂದ ಹೋದದ್ದು. ಒಂದನೆಯ ತರಗತಿಯಲ್ಲಿ ಕಂಠಪಾಠ ಮಾಡಿ ಮರೆತ ಙ ಮತ್ತು ಞ ಅಕ್ಷರಗಳಿಗೆ ಇಲ್ಲಿ ದಿನವೂ ಕೆಲಸವಿದೆ. ‘ಞುಙ್’ ಎಂದರೆ ಸೊಳ್ಳೆ. ‘ಖೈ ಞುಙ್ ಲಾಯ್’ ಎಂದರೆ ಪಟ್ಟೆಸೊಳ್ಳೆಯ ಜ್ವರ, ಅಂದರೆ ಡೆಂಗಿ. (ಈ ‘ಲಾಯ್’ ಪಟ್ಟೆ, ‘ತುಂಬಾ’ ಎಂಬ ‘ಲಾಯ್’ನ ಸ್ವರ ಬೇರೆ.) ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಕಾಲುಗಳ ಮೇಲಿನ ಬಿಳಿ ಪಟ್ಟೆಗಳು ಕಾಯಿಲೆಯ ಹೆಸರಿನಲ್ಲೇ ಸೇರಿವೆ.

ಈಗ ‘ಹೋಙ್ ಮೊ’, ಎಂದರೆ ಆಸ್ಪತ್ರೆಗೆ ಹೋಗೋಣ. ವೈದ್ಯರು ಕೇಳುತ್ತಾರೆ: ‘ಚೆಪ್ ಯೂ ಸೈ?’ ಎಲ್ಲಿ ನೋವು? ಮುಟ್ಟಿ ತೋರಿಸಿ ‘ಯೂ ನೀ’ ಎನ್ನಿ, ಇಲ್ಲಿ. ಮುಂದಿನ ಪ್ರಶ್ನೆ: ‘ಚಕ್ ಮೂ ಲೇವ್?’ ಎಷ್ಟು ದಿನವಾಯಿತು? ‘ಸಾಮ್ ಮೂ ಲೇವ್’, ಮೂರು ದಿನವಾಯಿತು. ‘ಮೂ’ ನುಡಿಯುವಾಗ ತುಟಿ ದುಂಡಗಾಗಬಾರದು. ತುಳು ಬಲ್ಲವರು ತಮ್ಮ ಪದಗಳ ಕೊನೆಯ ಅರ್ಧ ಉಕಾರವನ್ನು ನೆನೆದು ಅದನ್ನೇ ಎಳೆದರೆ ಸರಿಹೋಗುತ್ತದೆ.

ಈ ದಿನದ ಲೆಕ್ಕ ಬರಿಯ ಉಪಚಾರದ ಮಾತಲ್ಲ. ಡೆಂಗಿಯಲ್ಲಿ ಅಪಾಯದ ಘಟ್ಟ ಸಾಮಾನ್ಯವಾಗಿ ಜ್ವರ ಆರಂಭವಾದ 3ರಿಂದ 7ನೆಯ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೇ ಬರುತ್ತದೆ. ಜ್ವರ ಬಿಟ್ಟಿತೆಂದು ರೋಗಿ ನೆಮ್ಮದಿಯಾಗಿರುವಾಗಲೇ ವೈದ್ಯರು ಎಚ್ಚರವಾಗಿರಬೇಕಾಗುತ್ತದೆ. ಡೆಂಗಿ ಇರಬಹುದೆಂಬ ಸಂಶಯವಿದ್ದರೆ ಆಸ್ಪಿರಿನ್ ಕೊಡಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಯಾವುದಾದರೂ ಔಷಧಿ ನಿಮಗೆ ಒಗ್ಗದಿದ್ದರೆ ‘ಖೊಯ್ ಫೇ ಯಾ’ ಎಂದು ಹೇಳಿ ಅದರ ಹೆಸರನ್ನು ತಿಳಿಸಿ. ‘ಯಾ’ ಎಂದರೆ ಔಷಧಿ. ‘ಫೇ’ ಎಂಬುದಕ್ಕೆ ಸೋಲು ಎಂಬ ಅರ್ಥವೂ ಇದೆ.

ಇಂದು ಸಂಜೆ ಒಬ್ಬರು ವೈದ್ಯರಾಗಿ, ಒಬ್ಬರು ರೋಗಿಯಾಗಿ ಈ ಮಾತುಗಳನ್ನು ಆಡಿ ನೋಡಿ. ಜ್ವರ ಮೊಟ್ಟೆಯಾದರೆ ಮತ್ತೊಮ್ಮೆ ಹೇಳಿ. ಇನ್ನೂ ಒಂದು ಕೆಲಸವಿದೆ. ನಮ್ಮ ಊರುಗಳಲ್ಲಿ ಒಡಿಶಾದಿಂದ, ಅಸ್ಸಾಮಿನಿಂದ ಬಂದು ದುಡಿಯುವವರಿದ್ದಾರೆ. ಅವರಿಗೂ ಜ್ವರ ಬರುತ್ತದೆ, ಅವರೂ ನಮ್ಮ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಾರೆ. ‘ಎಲ್ಲಿ ನೋವು?’, ‘ಎಷ್ಟು ದಿನವಾಯಿತು?’ ಈ ಎರಡು ಪ್ರಶ್ನೆಗಳನ್ನು ಅವರ ಭಾಷೆಯಲ್ಲಿ ಕೇಳಿ ತಿಳಿದು, ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಡಿ.